ಹುಣಸೆಬೀಜ ಎಣಿಸಿದ ಸೂಲಗಿತ್ತಿ

ಇದು ನಡೆದದ್ದು ಊರಿಗೆ ಗಿಳಿಗಳು ಬಂದ ಏಳನೆಯ ವರ್ಷ. ಶುರುವಾದದ್ದು ಯುಗಾದಿಯ ಮಾರನೆಯ ದಿನ. ಮುಗಿದದ್ದು ಮುಂದಿನ ಯುಗಾದಿಗೆ ಒಂದು ವಾರ ಮೊದಲು.

ಸಂಪಿಗೆಕೋಟೆ ಅಂತ ಒಂದು ರಾಜ್ಯ. ಅದಕ್ಕೊಬ್ಬ ದೊರೆ. ದೊರೆ ಒಳ್ಳೆಯವನೇ, ಆದರೆ ಅರಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ತನ್ನ ಜನಕ್ಕೆ ಗೊತ್ತಿಲ್ಲದ ವಿಷಯ ಇರಬಾರದು ಅಂತ ಅವನಿಗೊಂದು ಆಸೆ. ಅದಕ್ಕೆ ಮನೆಗೊಂದು ಮಾತಾಡುವ ಗಿಳಿ ಕೊಡಿಸಿದ.

ಅಂಥಿಂಥ ಗಿಳಿಯಲ್ಲ. ಮಳೆ ಯಾವಾಗ ಅಂದರೆ ಹೇಳುತ್ತಿತ್ತು. ಜ್ವರಕ್ಕೆ ಯಾವ ಕಷಾಯ ಅಂದರೆ ಹೇಳುತ್ತಿತ್ತು. ಕಳೆದುಹೋದ ಎಮ್ಮೆ ಯಾವ ಹಳ್ಳದಲ್ಲಿ ಬಿದ್ದುಕೊಂಡಿದೆ ಅಂದರೆ ಅದನ್ನೂ ಹೇಳುತ್ತಿತ್ತು. ಒಂದು ಬೀದಿಯ ಸುದ್ದಿ ಇನ್ನೊಂದು ಬೀದಿಗೆ ಮುಟ್ಟಬೇಕಾದರೆ ಯಾರೂ ಓಡಬೇಕಿರಲಿಲ್ಲ. ಈ ಮನೆಯ ಗಿಳಿ ಹೇಳಿದ್ದನ್ನು ಪಕ್ಕದ ಮನೆಯ ಗಿಳಿ ಕೇಳಿ ಮುಂದಕ್ಕೆ ದಾಟಿಸುತ್ತಿತ್ತು.

"ಇದಕ್ಕೆ ನಾವೇನು ಕೊಡಬೇಕು ಬುದ್ಧಿ?" ಅಂತ ಜನ ಕೇಳಿದರು.

"ಏನೂ ಬೇಡ. ಪುಕ್ಕಟೆ," ಅಂದ ದೊರೆ.

ಆದರೆ ಗಿಳಿಗೂ ಹೊಟ್ಟೆ ಇರುತ್ತದಲ್ಲ? ದಿನಕ್ಕೊಂದು ಸೀಬೆಹಣ್ಣು ಬೇಕು. ಅದನ್ನು ಹಾಕುವವರು ಯಾರು? ದೊರೆ ಅದನ್ನು ಯೋಚಿಸಿರಲಿಲ್ಲ. ಓಬಳಯ್ಯ ಯೋಚಿಸಿದ್ದ.

ಓಬಳಯ್ಯ ದಳ್ಳಾಳಿ. ತಾನು ಏನನ್ನೂ ಬೆಳೆಯುವವನಲ್ಲ, ಏನನ್ನೂ ಮಾರುವವನಲ್ಲ. ಮಾರುವವನಿಗೂ ಕೊಳ್ಳುವವನಿಗೂ ನಡುವೆ ನಿಲ್ಲುವವನು. ಅವನು ಕೋಟೆಯ ಹೊರಗೆ ಒಂದು ಸೀಬೆತೋಟ ಹಿಡಿದ. ಸಂಜೆ ಊರಿನ ಗಿಳಿಗಳೆಲ್ಲ ಅಲ್ಲಿಗೆ ಹಾರಿಹೋಗಿ ಹಣ್ಣು ತಿಂದು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರುತ್ತಿದ್ದವು. ಅವು ತಿನ್ನುವಾಗ ಓಬಳಯ್ಯ ಪಾಠ ಹೇಳುತ್ತಿದ್ದ.

ಮೊದಲ ವರ್ಷ ಪಾಠ ಚಿಕ್ಕದು. ಮಳೆ ಯಾವಾಗ ಅಂದರೆ, "ನಾಡಿದ್ದು. ಹಾಗೇ ಪೇಟೆಯಲ್ಲಿ ಒಳ್ಳೆ ಕಂಬಳಿ ಬಂದಿದೆ," ಅನ್ನುತ್ತಿತ್ತು ಗಿಳಿ. ಜನ ನಕ್ಕರು.

ಮೂರನೆಯ ವರ್ಷ ಕಂಬಳಿ ಮೊದಲು, ಮಳೆ ಆಮೇಲೆ. ಕೂಗಿಗಿಷ್ಟು ಅಂತ ಅಂಗಡಿಯವರು ಓಬಳಯ್ಯನಿಗೆ ದುಡ್ಡು ಕೊಡುತ್ತಿದ್ದರು.

ಐದನೆಯ ವರ್ಷ ಕಂಬಳಿ, ಎಣ್ಣೆ, ಬಳೆ, ಆಮೇಲೆ ಮಳೆ. ನಡುವೆ ಮುಖ ತಿರುಗಿಸಿದರೆ ಮತ್ತೆ ಕಂಬಳಿಯಿಂದ ಶುರು. ನಿಲ್ಲಿಸುವುದಕ್ಕೆ ಒಂದೇ ದಾರಿ. ಗಿಳಿಯ ಬಲಗಾಲಿನ ಸಣ್ಣ ಉಗುರನ್ನು ಒತ್ತಬೇಕು. ಆ ಉಗುರು ಸಾಸಿವೆ ಕಾಳಿನಷ್ಟು. ಗುರಿ ತಪ್ಪಿ ಬೆರಳು ರೆಕ್ಕೆಗೆ ತಾಕಿತೋ, ಇವರಿಗೆ ಬೇಕಂತೆ ಅಂತ ಲೆಕ್ಕ. ಮಾರನೆಯ ಬೆಳಗ್ಗೆ ಕಂಬಳಿಯವನು ಬಾಗಿಲಲ್ಲಿ ನಿಂತಿರುತ್ತಿದ್ದ.

ಇನ್ನೂ ಒಂದಿತ್ತು. ಹಗಲು ಮನೆಯಲ್ಲಿ ಆಡಿದ ಮಾತನ್ನೆಲ್ಲ ಗಿಳಿ ಸಂಜೆ ತೋಟದಲ್ಲಿ ಒಪ್ಪಿಸುತ್ತಿತ್ತು. ಸೊಂಟ ನೋವು ಅಂತ ಗಂಡನ ಹತ್ತಿರ ಹೇಳಿಕೊಂಡವಳಿಗೆ ಮಾರನೆಯ ದಿನದಿಂದ ಸೊಂಟದ ಎಣ್ಣೆಯ ಕೂಗು. ಒನಕೆ ಕೊಂಡವಳಿಗೆ ವರ್ಷವೆಲ್ಲ ಒನಕೆಯದೇ ಕೂಗು. ಮನೆಗೊಂದು ಒನಕೆ ಸಾಕು ಅಂತ ಗಿಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಏಳನೆಯ ವರ್ಷದ ಹೊತ್ತಿಗೆ ಊರು ಸುಸ್ತಾಗಿತ್ತು. ಯಾರೂ ಜಗಳ ಆಡುತ್ತಿರಲಿಲ್ಲ. ಪುಕ್ಕಟೆ ಬಂದದ್ದರ ಮೇಲೆ ಜಗಳ ಆಡುವುದು ಹೇಗೆ?

ಆ ಊರಿನಲ್ಲಿ ದ್ಯಾವಮ್ಮ ಅಂತ ಒಬ್ಬಳು ಸೂಲಗಿತ್ತಿ. ಮೂವತ್ತು ವರ್ಷದಿಂದ ಊರಿನ ಹೆರಿಗೆಗಳೆಲ್ಲ ಅವಳ ಕೈಯಲ್ಲೇ. ಅವಳಿಗೊಂದು ರೂಢಿ. ಹೆರಿಗೆ ಮನೆಗೆ ಹೋದರೆ ಬೇನೆಗೊಂದು ಹುಣಸೆಬೀಜವನ್ನು ಕುಡಿಕೆಗೆ ಹಾಕುವಳು. ಬೀಜ ಎಷ್ಟು ಬೇಗ ಬೇಗ ಬೀಳುತ್ತದೆ ಅನ್ನುವುದರ ಮೇಲೆ ಮಗು ಎಷ್ಟು ದೂರ ಇದೆ ಅಂತ ಹೇಳುವಳು. ಹೇಳಿದ್ದು ತಪ್ಪುತ್ತಿರಲಿಲ್ಲ.

ಯುಗಾದಿಯ ಮಾರನೆಯ ದಿನ ಬೆಳಗ್ಗೆ ಅವಳ ಗಿಳಿ ಕತ್ತು ಎತ್ತಿತು. ಎಲ್ಲಿಂದಲೋ ಸುದ್ದಿ ಬಂದಿದೆ ಅಂತ ದ್ಯಾವಮ್ಮನಿಗೆ ಗೊತ್ತಾಯಿತು.

"ಏನಂತೆ?"

"ಹಬ್ಬ ಮುಗಿಯಿತು, ಎಣ್ಣೆ ಮುಗಿಯಿತೇ ತಾಯಿ? ಗಾಣದ ಎಣ್ಣೆ..."

"ಮೊದ್ಲು ಸುದ್ದಿ ಹೇಳು."

"ಕೈತುಂಬ ಬಳೆ..."

ಅವಳು ಉಗುರಿಗೆ ಬೆರಳು ಹಾಕಿದಳು. ಬೆರಳು ರೆಕ್ಕೆಗೆ ತಾಕಿತು.

"ಬಳೆ ಬೇಕೇ ತಾಯಿ? ಹಸಿರೋ, ಕೆಂಪೋ?"

ಮತ್ತೆ ಎಣ್ಣೆ, ಮತ್ತೆ ಬಳೆ, ಆಮೇಲೆ ಕಂಬಳಿ. ಅದೂ ಬೇಸಿಗೆಯಲ್ಲಿ. ಕೊನೆಗೆ ಗಿಳಿ ಹೇಳಿತು: "ಕುಂಬಾರರ ಸೊಸೆ ನಿಂಗಿಗೆ ಬೇನೆ ಜಾಸ್ತಿಯಾಗಿದೆ. ಬೇಗ ಬರಬೇಕಂತೆ."

ದ್ಯಾವಮ್ಮ ಓಡಿದಳು. ಮಗುವಿನ ಕುತ್ತಿಗೆಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು. ಎರಡು ಬೆರಳು ತೂರಿಸಿ ಬಿಡಿಸುವ ಕೆಲಸ. ಅದನ್ನು ಅವಳು ಎಷ್ಟೋ ಸಲ ಮಾಡಿದ್ದಳು. ಈ ಸಲ ಅವಳು ಹೊಸಿಲು ದಾಟುವಾಗ ಹೊತ್ತು ಮೀರಿತ್ತು. ಮಗು ಅಳಲಿಲ್ಲ.

ನಿಂಗಿಯ ಅತ್ತೆ ಬಯ್ಯಲಿಲ್ಲ. "ನಿನ್ನ ತಪ್ಪಲ್ಲ ಬಿಡವ್ವ. ನಮ್ಮ ಹಣೇಲಿ ಬರೆದಿದ್ದು," ಅಂದಳು. ಬಯ್ದಿದ್ದರೆ ದ್ಯಾವಮ್ಮನಿಗೆ ಸ್ವಲ್ಪ ಹಗುರಾಗುತ್ತಿತ್ತು.

ವಾರ ಬಿಟ್ಟು ಅವಳು ನಿಂಗಿಯನ್ನು ನೋಡಲು ಹೋದಳು. ನಿಂಗಿ ಗೋಡೆಗೆ ಒರಗಿ ಕೂತಿದ್ದಳು. ಎದುರಿನ ಅಡ್ಡಗೋಲಿನ ಮೇಲೆ ಆ ಮನೆಯ ಗಿಳಿ.

"ತೊಟ್ಟಿಲು ತಗೊಳ್ಳಿ ತಾಯಿ, ತೇಗದ ತೊಟ್ಟಿಲು! ಕೂಸಿನ ಸೊಂಟಕ್ಕೆ ಬೆಳ್ಳಿ ಉಡಿದಾರ!"

ಒಂಬತ್ತು ತಿಂಗಳು ಆ ಮನೆಯಲ್ಲಿ ಕೂಸಿನ ಮಾತೇ ಆಡಿದ್ದರಲ್ಲ. ಗಿಳಿ ಅದನ್ನೇ ಒಪ್ಪಿಸಿತ್ತು.

"ದಿನಾ ಹೀಗೇ ಅಕ್ಕ," ಅಂದಳು ನಿಂಗಿ. "ಕೂಸು ಇಲ್ಲ ಅಂತ ಹೇಳ್ದೆ. ಕೂಸಿಲ್ಲದೋರಿಗೆ ಹರಕೆ ದಾರ ಇದೆ ಅಂತು."

ದ್ಯಾವಮ್ಮ ಅವಳ ಕೈ ಹಿಡಿದುಕೊಂಡಳು. "ಮುಂದಿನ ಸಲ ನಾನು ಹೊತ್ತಿಗೆ ಸರಿಯಾಗಿ ಬರ್ತೀನಿ ಕಣೆ."

"ಹೆಂಗೆ ಬರ್ತೀಯ?"

ಹೇಗೆ ಅಂತ ದ್ಯಾವಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಾಗ ಅವಳು ಮಾಡುತ್ತಿದ್ದ ಕೆಲಸ ಒಂದೇ. ಎಣಿಸುವುದು.

ಮೂರು ಮನೆಗೆ ಮೂರು ಕುಡಿಕೆ, ಒಂದೊಂದು ಚೀಲ ಹುಣಸೆಬೀಜ. ಗಿಳಿ ಒಂದು ಸಲ ಕೂಗಿದರೆ ಒಂದು ಬೀಜ ಹಾಕಬೇಕು. ಬೆಳಗಿನಿಂದ ಸಂಜೆಯ ತನಕ. ಒಂದು ಕುಡಿಕೆ ಅವಳ ಮನೆಯಲ್ಲಿ, ಒಂದು ಊರಗೌಡನ ಮನೆಯಲ್ಲಿ, ಇನ್ನೊಂದು ಪಕ್ಕದ ಮನೆಯ ಚೆನ್ನಜ್ಜನ ಹತ್ತಿರ. ಚೆನ್ನಜ್ಜನಿಗೆ ಹುಟ್ಟಿನಿಂದ ಕಣ್ಣಿಲ್ಲ.

ಸಂಜೆ ಎಣಿಸಿದಳು. ಅವಳ ಮನೆಯಲ್ಲಿ ಇನ್ನೂರ ಹನ್ನೆರಡು. ಗೌಡನ ಮನೆಯಲ್ಲಿ ಮುನ್ನೂರ ನಲವತ್ತು. ಚೆನ್ನಜ್ಜನ ಕುಡಿಕೆ ಖಾಲಿ.

"ಹಾಕೋದು ಮರೆತ್ರಾ ಅಜ್ಜ?"

"ಎಲ್ಲಿ ಮರೀಲಿ? ಮುಷ್ಟೀಲಿ ಬೀಜ ಹಿಡ್ಕೊಂಡು ದಿನಾ ಪೂರ್ತಿ ಕಾದೆ, ಕೈ ಬೆವರಿದ್ದೇ ಬಂತು. ನನ್ನ ಗಿಳಿ ಕೇಳಿದ್ದಕ್ಕೆ ಉತ್ತರ ಹೇಳತ್ತೆ, ಸುಮ್ನಾಗತ್ತೆ. ನಿಮ್ಮವು ಹಂಗಲ್ವಾ?"

ದ್ಯಾವಮ್ಮ ಎದ್ದು ಚೆನ್ನಜ್ಜನ ಗಿಳಿಯ ಎದುರು ನಿಂತಳು. ಗಿಳಿ ಅವಳ ಕಣ್ಣು ನೋಡಿತು. "ಕಂಬಳಿ ಬೇಕೇ ತಾಯಿ?" ಅಂತು. ಅವಳು ಕಣ್ಣು ಮುಚ್ಚಿದಳು. "ಕಣ್ಣು ಬಿಡಿ ತಾಯಿ, ಕಾಯ್ತೀನಿ," ಅಂತು.

ಅವಳಿಗೆ ತಿಳಿಯಿತು. ಯಾರೂ ನೋಡದ ಕೂಗಿಗೆ ಅಂಗಡಿಯವರು ಓಬಳಯ್ಯನಿಗೆ ಏನೂ ಕೊಡುತ್ತಿರಲಿಲ್ಲ. ಅದಕ್ಕೆ ಕಾಣುವ ಕಣ್ಣು ಕಂಡರೆ ಮಾತ್ರ ಕೂಗು ಅಂತ ಅವನ ಪಾಠ.

ಮನೆಗೆ ಬಂದು, ಕೋಳಿ ಮುಚ್ಚುವ ಮಂಕರಿಯನ್ನು ಗಿಳಿಯ ಮೇಲೆ ಕವುಚಿ ಹಾಕಿದಳು.

"ಮಳೆ ಯಾವಾಗ?"

"ನಾಡಿದ್ದು," ಅಂತು ಮಂಕರಿ ಒಳಗಿನ ಗಿಳಿ.

ಅಷ್ಟೇ. ಇಷ್ಟು ಚಿಕ್ಕ ಉತ್ತರ ಕೇಳಿ ಅವಳಿಗೆ ವರ್ಷಗಳಾಗಿದ್ದವು.

ಮಾತು ಬೀದಿಯಿಂದ ಬೀದಿಗೆ ಹೋಯಿತು. ಒಂದು ತಿಂಗಳಲ್ಲಿ ಊರಿನಲ್ಲಿ ಕೋಳಿಗಳಿಗೆ ಮಂಕರಿ ಇಲ್ಲದಂತಾಯಿತು.

ಓಬಳಯ್ಯ ಸುಮ್ಮನಿರಲಿಲ್ಲ. ತೋಟದಲ್ಲಿ ಹೊಸ ಪಾಠ ಹೇಳಿದ. ಮಾರನೆಯ ದಿನದಿಂದ ಮಂಕರಿ ಕವುಚಿದರೆ ಗಿಳಿ, "ಕತ್ತಲಾಗಿದೆ, ಮಂಕರಿ ತೆಗೆದು ಕೇಳಿ," ಅಂದು ಕೊಕ್ಕು ಮುಚ್ಚಿಕೊಳ್ಳುತ್ತಿತ್ತು.

ದ್ಯಾವಮ್ಮ ಯೋಚಿಸಿದಳು. ಗಿಳಿಗೆ ಬೇಕಾದದ್ದು ಬೆಳಕು. ತನಗೆ ಬೇಡವಾದದ್ದು ಅದರ ಕಣ್ಣಿಗೆ ತನ್ನ ಕಣ್ಣು ಬೀಳುವುದು. ಹಳೆಯ ತೆಳು ಸೀರೆಯ ಸೆರಗು ಹರಿದು ಮುಸುಕು ಹಾಕಿದಳು. ಬೆಳಕು ಒಳಗೆ ಹೋಯಿತು. ಮುಖ ಕಾಣಲಿಲ್ಲ. ಗಿಳಿ ಮತ್ತೆ ಚಿಕ್ಕ ಚಿಕ್ಕ ಉತ್ತರ ಹೇಳಿತು. ಊರಿನಲ್ಲಿ ಹಳೆ ಸೀರೆಗಳೆಲ್ಲ ಹರಿದವು.

ಅಷ್ಟರಲ್ಲಿ ನಿಂಗಿ ಮತ್ತೆ ಬಸುರಿಯಾದಳು. ಈ ಸಲ ಆ ಮನೆಯವರು ಗಿಳಿ ಇರುವ ಕಡೆ ಕೂಸಿನ ಮಾತೇ ಎತ್ತಲಿಲ್ಲ. ಗಡಿಗೆ ಸುಡುವ ಆವಿಗೆಯ ಹಿಂದೆ ಹೋಗಿ ಪಿಸುಗುಟ್ಟುತ್ತಿದ್ದರು.

ಪುಷ್ಯ ಮಾಸದಲ್ಲಿ ಓಬಳಯ್ಯನ ಮನೆಯಿಂದಲೇ ದ್ಯಾವಮ್ಮನಿಗೆ ಕರೆ ಬಂತು. ಅವನ ಸೊಸೆಗೆ ಬೇನೆ. ದ್ಯಾವಮ್ಮ ಚೀಲದಲ್ಲಿ ಬೀಜ, ಎರಡು ಕುಡಿಕೆ ಹಾಕಿಕೊಂಡು ಹೋದಳು. ಈಗ ಅವಳಿಗೆ ಎರಡು ಕುಡಿಕೆಯ ರೂಢಿಯಾಗಿತ್ತು. ಒಂದು ಬೇನೆಗೆ, ಒಂದು ಕೂಗಿಗೆ.

ಬೆಳಗಿನಿಂದ ದೀಪ ಹಚ್ಚುವ ತನಕ ಅಲ್ಲಿದ್ದಳು. ಗಂಡುಮಗು. ಬೇನೆಯ ಕುಡಿಕೆಯಲ್ಲಿ ಅರವತ್ತೊಂದು ಬೀಜ. ಕೂಗಿನ ಕುಡಿಕೆಯಲ್ಲಿ ಒಂದೂ ಇಲ್ಲ.

ಗಿಳಿ ನಡುಮನೆಯಲ್ಲೇ ಕೂತಿತ್ತು. ಮುಸುಕಿಲ್ಲ, ಮಂಕರಿಯಿಲ್ಲ. ಮನೆಯಲ್ಲಿ ಹನ್ನೊಂದು ಜನ. ಎಲ್ಲರಿಗೂ ಎರಡೆರಡು ಕಣ್ಣು.

"ನಿಮ್ಮನೆ ತಣ್ಣಗಿದೆ ಅಯ್ಯ," ಅಂದಳು ದ್ಯಾವಮ್ಮ.

"ಬಾಣಂತಿ ಇರೋ ಮನೆ ನೋಡಮ್ಮ. ಗದ್ದಲ ಆಗಬಾರದು," ಅಂದ ಓಬಳಯ್ಯ. ಮೊಮ್ಮಗ ಹುಟ್ಟಿದ ಖುಷಿಯಲ್ಲಿ ಅವಳಿಗೊಂದು ಸೀರೆ ಕೊಟ್ಟ. ತೆಳು ಸೀರೆ ಅಲ್ಲ, ದಪ್ಪದ್ದು.

ಅವಳು ಬೀಜ ಎತ್ತಿಕೊಂಡು ಮನೆಗೆ ಬಂದಳು.

ಆ ವಾರದಲ್ಲೇ ಓಬಳಯ್ಯ ದೊರೆಯ ಹತ್ತಿರ ಹೋದ. "ಬುದ್ಧಿ, ಸೀಬೆ ಹಾಕೋನು ನಾನು. ಉತ್ತರ ಪಡೆಯೋರು ಅವರು. ಬದಲಿಗೆ ನಾಲ್ಕು ಕೂಗು ಕೇಳೋದಕ್ಕೆ ಆಗಲ್ವಂತೆ. ಮುಸುಕು ಹಾಕೋದು ಕಳ್ಳತನ. ಹೀಗೇ ಆದರೆ ತೋಟ ಮುಚ್ತೀನಿ. ಗಿಳಿಗಳು ಉಪವಾಸ ಸಾಯ್ತವೆ."

ದೊರೆಗೆ ಅದು ಸರಿ ಅನ್ನಿಸಿತು. ಯಾಕೆಂದರೆ ಅರಮನೆಯ ಗಿಳಿ ಕೂಗುತ್ತಿರಲಿಲ್ಲ. ಅದಕ್ಕೆ ಓಬಳಯ್ಯ ಬೇರೆ ಪಾಠ ಹೇಳಿದ್ದ. ನಾಲ್ಕು ಕೂಗು ಅಂದರೆ ನಾಲ್ಕೇ ಅಂತ ದೊರೆ ತಿಳಿದಿದ್ದ.

ಡಂಗುರ ಹೊಡೆಸಿದರು. ಇನ್ನು ಎಂಟು ದಿನಕ್ಕೆ ಮುಸುಕು ತೆಗೆಯಬೇಕು. ತೆಗೆಯದವರ ಗಿಳಿ ಕಿತ್ತುಕೊಳ್ಳಲಾಗುವುದು. ಮೊದಲು ದ್ಯಾವಮ್ಮನದು.

ಮುಸುಕು ತೆಗೆದರೆ ಸುದ್ದಿ ತಡವಾಗಿ ಮುಟ್ಟುತ್ತದೆ. ಗಿಳಿ ಹೋದರೆ ಮುಟ್ಟುವುದೇ ಇಲ್ಲ. ನಿಂಗಿಗೆ ಆಗ ಏಳು ತುಂಬಿ ಎಂಟರಲ್ಲಿ ಬಿದ್ದಿತ್ತು.

ಎಂಟನೆಯ ದಿನ ಬಂತು. ದ್ಯಾವಮ್ಮ ಹಿಂದಿನ ದಿನ ಎರಡು ಹೆರಿಗೆ ಮಾಡಿಸಿದ್ದಳು. ಮೈಯೆಲ್ಲ ನೋವು. ಆದರೂ ಕುಡಿಕೆ ಹಿಡಿದುಕೊಂಡು ಅರಮನೆಗೆ ನಡೆದಳು. ಬೀದಿಯ ಜನ ಹಿಂದೆ ಬಂದರು. ಓಬಳಯ್ಯ ಮೊದಲೇ ಅಲ್ಲಿದ್ದ.

"ಏನಮ್ಮ, ಮುಸುಕು ತೆಗೆದೆಯೋ?" ಅಂದ ದೊರೆ.

"ತೆಗೀತೀನಿ ಬುದ್ಧಿ. ಯಜಮಾನರು ಹೇಳಿದ್ದು ಸರಿ. ಗಿಳಿಗೆ ಸೀಬೆ ಬೇಕು, ಸೀಬೆ ಹಾಕೋದು ಅವರು. ನಾವು ಅದನ್ನ ಇಷ್ಟು ವರ್ಷ ಯೋಚಿಸ್ಲಿಲ್ಲ, ನಮ್ಮ ತಪ್ಪು."

ಓಬಳಯ್ಯ ಮೀಸೆ ಸವರಿದ.

"ಆದ್ರೆ ಗಿಳೀನ ಹೆಂಗೆ ಇಟ್ಕೋಬೇಕು ಅಂತ ನಮಗೆ ಗೊತ್ತಾಗ್ಲಿಲ್ಲ ಬುದ್ಧಿ. ಯಜಮಾನರ ಮನೆ ಗಿಳೀನ ಒಂದು ಗಳಿಗೆ ಇಲ್ಲಿಗೆ ತರಿಸಿ. ನೋಡಿ ಕಲೀತೀವಿ."

ಓಬಳಯ್ಯನ ಕೈ ಮೀಸೆಯ ಮೇಲೇ ನಿಂತಿತು. "ಅದಕ್ಕೆ... ದೂರ ಆಗತ್ತೆ ಬುದ್ಧಿ."

"ನಿಮ್ಮ ಮನೆ ಅರಮನೆ ಗೋಡೆಗೆ ಅಂಟಿಕೊಂಡಿದೆಯಲ್ಲ?" ಅಂದ ದೊರೆ.

"ಅದಕ್ಕೆ ಮೈ ಹುಷಾರಿಲ್ಲ."

"ಬೆಳಗ್ಗೆ ನಿಮ್ಮ ಕಿಟಕೀಲಿ ಮೆಣಸಿನಕಾಯಿ ತಿಂತಿತ್ತು," ಅಂತ ಯಾರೋ ಹಿಂದಿನಿಂದ ಕೂಗಿದರು.

"ಅದು ಹೆಣ್ಣು ಗಿಳಿ ಬುದ್ಧಿ, ಜನರ ಮುಂದೆ ಬರಲ್ಲ."

"ಬಸುರೀನಾ ಅಯ್ಯ?" ಅಂದಳು ದ್ಯಾವಮ್ಮ. "ಹಂಗಿದ್ರೆ ನಾನೇ ಇದೀನಲ್ಲ."

ಜನ ನಕ್ಕರು. ದೊರೆಗೂ ನಗು ಬಂತು. ಆಳು ಹೋಗಿ ಗಿಳಿ ತಂದ.

ದೊರೆ ಅದರ ಕಣ್ಣಿಗೆ ಕಣ್ಣು ಕೊಟ್ಟು ಕೇಳಿದ, "ಮಳೆ ಯಾವಾಗ?"

"ಇನ್ನು ಮೂರು ತಿಂಗಳು ಇಲ್ಲ."

"ಕೆಮ್ಮಿಗೆ ಏನು?"

"ಶುಂಠಿ, ಕಾಳುಮೆಣಸು."

ಒಂದೂ ಕೂಗಿಲ್ಲ. ದೊರೆ ಹುಬ್ಬು ಗಂಟಿಕ್ಕಿದ. "ನೀನು ಯಾಕೆ ಕೂಗಲಿಲ್ಲ?"

ಕೇಳಿದ್ದಕ್ಕೆ ಸುಳ್ಳು ಹೇಳುವುದು ಗಿಳಿಗೆ ಬರುವುದಿಲ್ಲ. ಅದು ಕತ್ತು ಓರೆ ಮಾಡಿ ಹೇಳಿತು: "ಕೂಗಿದರೆ ಯಜಮಾನರಿಗೆ ತಲೆನೋವು ಬರುತ್ತದೆ."

"ಮತ್ತೆ ಊರಿನ ಗಿಳಿಗಳು ಕೂಗುತ್ತವಂತಲ್ಲ?"

"ಅದು ಯಜಮಾನರ ಮನೆಗೆ ಕೇಳಿಸುವುದಿಲ್ಲ."

ದ್ಯಾವಮ್ಮ ಮುಂದೆ ಬಂದು ತನ್ನ ಕುಡಿಕೆಯನ್ನು ದೊರೆಯ ಕಾಲಿನ ಹತ್ತಿರ ಸುರಿದಳು. ಬೀಜಗಳು ಕಲ್ಲಿನ ನೆಲದ ಮೇಲೆ ಉರುಳಿದವು. ಎಷ್ಟೋ ಹೊತ್ತು ಉರುಳಿದವು.

"ಇನ್ನೂರ ಹನ್ನೆರಡು ಬುದ್ಧಿ. ಒಂದು ಮನೇದು. ಒಂದು ದಿನದ್ದು. ಯಜಮಾನರ ಮನೇಲಿ ಇದೇ ಕುಡಿಕೆ ಬೆಳಗಿಂದ ಸಂಜೆಗಂಟ ಇಟ್ಟಿದ್ದೆ. ಖಾಲಿ." ಆಮೇಲೆ ನಿಂಗಿಯ ಮಗುವಿನ ವಿಷಯ ಹೇಳಿದಳು. ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳುವಷ್ಟು ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ದೊರೆ ಬಗ್ಗಿ ಒಂದು ಬೀಜ ಎತ್ತಿಕೊಂಡ. ಆಮೇಲೆ ಅಪ್ಪಣೆ ಕೊಟ್ಟ: "ದ್ಯಾವಮ್ಮನ ಗಿಳಿ, ಗೌಡನ ಗಿಳಿ, ನಿಂಗಿಯ ಗಿಳಿ, ಮೂರೂ ಮೂರು ದಿನ ಓಬಳಯ್ಯನ ಮನೆಯಲ್ಲಿರಲಿ. ಅವನ ಗಿಳಿ ಇಲ್ಲೇ ಇರಲಿ. ಮುಸುಕು ಹಾಕಬಾರದು. ಉಗುರು ಮುಟ್ಟಬಾರದು. ಹೊಸ ಪಾಠ ಹೇಳಬಾರದು."

ಮೊದಲ ದಿನ ಓಬಳಯ್ಯ, "ಇದೇನು ಮಹಾ," ಅಂದ.

ಎರಡನೆಯ ದಿನ ಕಂಬಳಿಯ ಕೂಗಿಗೆ ಮುಖ ತಿರುಗಿಸಿದ. ಗಿಳಿ ಮೊದಲಿನಿಂದ ಶುರು ಮಾಡಿತು. ಇನ್ನೊಂದು ಕಡೆ ತಿರುಗಿದ. ಅಲ್ಲಿ ಗೌಡನ ಗಿಳಿ ಇತ್ತು.

ಮೂರನೆಯ ದಿನ ಮೊಮ್ಮಗನಿಗೆ ಮೈ ಬಿಸಿಯಾಯಿತು. ಏನು ಕುಡಿಸಲಿ ಅಂತ ಕೇಳಿದ. ನಿಂಗಿಯ ಗಿಳಿ, "ತೊಟ್ಟಿಲು ತಗೊಳ್ಳಿ, ತೇಗದ ತೊಟ್ಟಿಲು!" ಅಂತು. ದ್ಯಾವಮ್ಮನ ಗಿಳಿ ಬಳೆ ಅಂತು. ಗೌಡನ ಗಿಳಿ ಎಣ್ಣೆ ಅಂತು. ಓಬಳಯ್ಯ ಮಗುವನ್ನು ಎತ್ತಿಕೊಂಡು ಬೀದಿಯಲ್ಲಿ ಓಡಿ ದ್ಯಾವಮ್ಮನ ಬಾಗಿಲಿಗೇ ಬಂದ. ಅವಳು ಮಲಗಿದ್ದವಳು ಎದ್ದು, ಮಗುವಿನ ಹಣೆ ಮುಟ್ಟಿ ನೋಡಿ, ಒದ್ದೆ ಬಟ್ಟೆ ಹಾಕಿದಳು. ಸಂಜೆಗೆ ಜ್ವರ ಇಳಿಯಿತು. ಅವಳು ಬಯ್ಯಲಿಲ್ಲ. ಓಬಳಯ್ಯನಿಗೆ ಹಗುರಾಗಲಿಲ್ಲ.

ಮಾರನೆಯ ದಿನ ಅವನೇ ದೊರೆಯ ಮುಂದೆ ಕೈಮುಗಿದು ನಿಂತ. "ಏನು ಹೇಳಿದರೂ ಒಪ್ಕೋತೀನಿ ಬುದ್ಧಿ. ಗಿಳಿಗಳನ್ನ ಕರ್ಕೊಂಡು ಹೋಗಿ."

"ನಿನಗೇನು ಬೇಕು?" ಅಂತ ದೊರೆ ದ್ಯಾವಮ್ಮನನ್ನು ಕರೆಸಿ ಕೇಳಿದ.

ಅವಳು ದಾರಿಯಲ್ಲೇ ಯೋಚಿಸಿಕೊಂಡು ಬಂದಿದ್ದಳು. ಗಿಳಿ ಮೊದಲು ಉತ್ತರ ಹೇಳಲಿ. ಮನೆಯ ಮಾತನ್ನು ಹೊರಗೆ ಒಯ್ಯದಿರಲಿ. ಕೈಲಾದವರು ತಮ್ಮ ಗಿಳಿಗೆ ತಾವೇ ದಿನಕ್ಕೊಂದು ಸೀಬೆ ಹಾಕಲಿ, ಆ ಗಿಳಿ ಕೂಗುವುದು ಬೇಡ. ಆಗದವರ ಗಿಳಿಗೆ ಓಬಳಯ್ಯನೇ ಹಾಕಲಿ. ಅದು ಬೆಳಗ್ಗೆ ಮೂರು ಸಲ ಕೂಗಲಿ. ಆಮೇಲೆ ಸುಮ್ಮನಿರಲಿ.

"ಮುಸುಕು?" ಅಂದ ದೊರೆ.

"ಮನೆಯೋರ ಇಷ್ಟ ಬುದ್ಧಿ. ಅವರ ಕಣ್ಣು ಅವರದು."

ಹಾಗೇ ಡಂಗುರ ಹೊಡೆಸಿದರು. ಜನ ದ್ಯಾವಮ್ಮನನ್ನು ಹೊಗಳಿದರು. ಅವಳಿಗೆ ಗೆದ್ದೆ ಅನ್ನಿಸಲಿಲ್ಲ. ಮಲಗಬೇಕು ಅನ್ನಿಸಿತು. ಮನೆಗೆ ಹೋಗಿ ಮಲಗಿದಳು. ಎದ್ದ ಮೇಲೆ ಗಿಳಿಗೆ ಒಂದು ಸೀಬೆ ಹಾಕಿದಳು. ಆವತ್ತಿನಿಂದ ಒಂದು ದಿನವೂ ತಪ್ಪಿಸಲಿಲ್ಲ.

ಯುಗಾದಿಗೆ ಒಂದು ವಾರ ಇತ್ತು. ಬೆಳಗ್ಗೆ ಅವಳು ಒಲೆ ಹಚ್ಚುತ್ತಿದ್ದಳು. ಗಿಳಿ ಕತ್ತು ಎತ್ತಿತು.

"ನಿಂಗಿಗೆ ಬೇನೆ. ಬಾ."

ದ್ಯಾವಮ್ಮ ಒಲೆಗೆ ನೀರು ಹಾಕಿ ಹೊರಟಳು. ಈ ಸಲ ಬೇನೆ ಇನ್ನೂ ದೂರ ದೂರ ಇತ್ತು. ಎರಡು ಕುಡಿಕೆ ಪಕ್ಕದಲ್ಲಿಟ್ಟುಕೊಂಡು ಕೂತಳು. ಮಧ್ಯಾಹ್ನದ ತನಕ ಒಂದೊಂದೇ ಬೀಜ ಹಾಕಿದಳು. ಈ ಮಗುವಿಗೂ ಬಳ್ಳಿ ಸುತ್ತಿತ್ತು. ಎರಡು ಬೆರಳು ತೂರಿಸಿ ಬಿಡಿಸಿದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮಗು ಕೂಗಿತು.

ಕೈ ರೂಢಿಯಂತೆ ಕೂಗಿನ ಕುಡಿಕೆಗೆ ಒಂದು ಬೀಜ ಹಾಕಿತು. ನಿಂಗಿ ಅದನ್ನು ನೋಡಿ ನಕ್ಕಳು, ಆಮೇಲೆ ಅತ್ತಳು. ಅಡ್ಡಗೋಲಿನ ಮೇಲೆ ಆ ಮನೆಯ ಗಿಳಿ ಸೀಬೆ ತಿನ್ನುತ್ತಾ ಸುಮ್ಮನೆ ಕೂತಿತ್ತು.

ಕೇಳಿದಿರ? ತನ್ನ ಮನೆಯಲ್ಲಿ ತಾಳಲಾರದ ಗದ್ದಲವನ್ನು ಇನ್ನೊಬ್ಬರ ಮನೆಗೆ ಕಳಿಸಬಾರದು. ಪುಕ್ಕಟೆ ಅಂತ ಯಾರಾದರೂ ಕೊಟ್ಟರೆ, ಗಿಳಿಗೆ ಸೀಬೆ ಹಾಕುವವರು ಯಾರು ಅಂತ ಮೊದಲು ಕೇಳಬೇಕು.

ಆ ದಿನ ಸಂಜೆ ದ್ಯಾವಮ್ಮ ಬೀಜ ಎಣಿಸಿದಳು. ಬೇನೆಯ ಕುಡಿಕೆಯಲ್ಲಿ ಮೂವತ್ತೊಂಬತ್ತು. ಕೂಗಿನ ಕುಡಿಕೆಯಲ್ಲಿ ಒಂದು.